ಕಬ್ಬಿಣಕ್ಕೆ ಸತುವಿನ ಕಾವಲು

ನೀರು ಸೇದುವ ತಗಡಿನ ಬಕೆಟ್ಟಿನ ಮೈಮೇಲೆ ಹರಳುಹರಳಾದ ಚಿತ್ತಾರ ಕಾಣುತ್ತದೆ. ಅದು ಯಾರೂ ಬಿಡಿಸಿದ್ದಲ್ಲ. ಕರಗಿದ ಸತುವು ಕಬ್ಬಿಣದ ಮೇಲೆ ಹೆಪ್ಪುಗಟ್ಟುವಾಗ ತಾನಾಗಿ ಮೂಡಿದ್ದು. ಈ ಲೇಪನಕ್ಕೆ ಗ್ಯಾಲ್ವನೈಸಿಂಗ್ ಎಂದು ಹೆಸರು. ಹೆಸರಿಗೆ ಕಾರಣನಾದ ಇಟಲಿಯ ಲುಯಿಜಿ ಗ್ಯಾಲ್ವಾನಿಗೂ ಈ ಕಸುಬಿಗೂ ನೇರ ಸಂಬಂಧವಿಲ್ಲ. ಸತ್ತ ಕಪ್ಪೆಯ ಕಾಲಿಗೆ ಎರಡು ಬಗೆಯ ಲೋಹ ತಾಗಿಸಿದರೆ ಅದು ಅದುರುತ್ತದೆಂದು 1791ರಲ್ಲಿ ಪ್ರಕಟಿಸಿದವನು ಆತ.

ಎರಡು ಬೇರೆ ಲೋಹಗಳು ತೇವದಲ್ಲಿ ಒಂದನ್ನೊಂದು ತಾಗಿದರೆ ವಿದ್ಯುತ್ ಹರಿದು, ಒಂದು ಸವೆಯುತ್ತದೆ, ಇನ್ನೊಂದು ಉಳಿಯುತ್ತದೆ. ಇದನ್ನು ಉಪಯೋಗಕ್ಕೆ ತರಲು ಹೊರಟವನು ಇಂಗ್ಲೆಂಡಿನ ಹಂಫ್ರಿ ಡೇವಿ. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳಕ್ಕೆ ಹೊದಿಸಿದ್ದ ತಾಮ್ರದ ತಗಡು ಸಮುದ್ರದ ನೀರಿನಲ್ಲಿ ಸವೆಯುತ್ತಿತ್ತು. 1824ರಲ್ಲಿ ಡೇವಿ ಅದಕ್ಕೆ ಸತು, ಕಬ್ಬಿಣದ ತುಂಡುಗಳನ್ನು ಜೋಡಿಸಿದ. ಸವೆತವೇನೋ ನಿಂತಿತು. ಆದರೆ ತಾಮ್ರ ಕರಗದಿದ್ದಾಗ ಅದರ ವಿಷವೂ ನೀರಿಗಿಳಿಯಲಿಲ್ಲ. ಪಾಚಿ, ಚಿಪ್ಪುಜೀವಿಗಳು ಮೆತ್ತಿಕೊಂಡು ಹಡಗುಗಳ ವೇಗ ಕುಗ್ಗಿತು. ನೌಕಾಪಡೆ ಆ ಉಪಾಯವನ್ನು ಕೈಬಿಟ್ಟಿತು.

ಕಬ್ಬಿಣಕ್ಕೆ ಅಂಥ ತೊಡಕಿರಲಿಲ್ಲ. 1837ರಲ್ಲಿ ಫ್ರಾನ್ಸಿನ ಸ್ತಾನಿಸ್ಲಾಸ್ ಸೊರೆಲ್ ಪೇಟೆಂಟ್ ಪಡೆದ ವಿಧಾನವೇ ಸ್ಥೂಲವಾಗಿ ಇಂದಿಗೂ ನಡೆದುಬಂದಿದೆ. ಉಕ್ಕನ್ನು ಆಮ್ಲದಲ್ಲಿ ತೊಳೆದು ತುಕ್ಕು ತೆಗೆದು, ಸುಮಾರು 450 ಡಿಗ್ರಿ ಸೆಲ್ಸಿಯಸ್ ಬಿಸಿಯ ಸತುವಿನ ತೊಟ್ಟಿಯಲ್ಲಿ ಅದ್ದುತ್ತಾರೆ. ಲೋಹ ಚೆನ್ನಾಗಿ ಹಿಡಿಯಲೆಂದು, ಪಾತ್ರೆಗೆ ಕಲಾಯಿ ಹಾಕುವವರ ನವಸಾಗರವೇ ಸತುವಿನ ಲವಣದೊಡನೆ ಇಲ್ಲಿಯೂ ಬಳಕೆಯಾಗುತ್ತದೆ. ಸತು ಬಣ್ಣದಂತೆ ಮೇಲೆ ಕೂರುವುದಿಲ್ಲ. ಎರಡೂ ಲೋಹಗಳು ಬೆರೆತ ಪದರಗಳು ನಡುವೆ ಬೆಳೆಯುತ್ತವೆ.

ತವರವೂ ಕಬ್ಬಿಣವನ್ನು ಮುಚ್ಚುತ್ತದೆ, ಎಣ್ಣೆ ಡಬ್ಬಿಯಲ್ಲಿರುವಂತೆ. ವ್ಯತ್ಯಾಸ ತಿಳಿಯುವುದು ಗೀರು ಬಿದ್ದಾಗ. ಆಗ ತವರ ಉಳಿಯುತ್ತದೆ, ಕಬ್ಬಿಣ ಇನ್ನಷ್ಟು ಬೇಗ ತುಕ್ಕು ಹಿಡಿಯುತ್ತದೆ. ಸತುವಿನ ಲೇಪ ಗೀಚಿದರೆ ಸುತ್ತಲಿನ ಸತುವೇ ಮೊದಲು ಸವೆಯುತ್ತ, ಬಯಲಾದ ಉಕ್ಕನ್ನು ಕಾಯುತ್ತದೆ. ಡೇವಿ ತಾಮ್ರಕ್ಕೆ ಕೊಡಹೊರಟಿದ್ದ ರಕ್ಷಣೆಯೇ ಇದು.

ಸವೆಯುವುದೇ ಅದರ ಕೆಲಸವಾದ್ದರಿಂದ ಲೇಪ ಎಷ್ಟು ದಪ್ಪವೋ ಆಯುಷ್ಯ ಅಷ್ಟು. ಕರಾವಳಿಯ ಉಪ್ಪುಗಾಳಿಯಲ್ಲಿ ಅದು ಬೇಗ ತೀರುತ್ತದೆ. ವೆಲ್ಡಿಂಗ್ ಮಾಡಿದಲ್ಲಿ ಸತು ಆವಿಯಾಗಿ ಹೋಗುವುದರಿಂದ ಗೇಟಿನ ತುಕ್ಕು ಸಾಮಾನ್ಯವಾಗಿ ಬೆಸುಗೆಯಿಂದ ಆರಂಭವಾಗುತ್ತದೆ. ಆ ಬಿಳಿ ಹೊಗೆ ಕುಡಿದ ಕೆಲಸಗಾರನಿಗೆ ಕೆಲವು ಗಂಟೆಗಳಲ್ಲೇ ಚಳಿಜ್ವರ ಬರಬಹುದು. ಹುಳಿಯಲ್ಲೂ ಸತು ಕರಗುತ್ತದೆ. ಬಾವಿಯ ನೀರಿಗೆ ಒದಗುವ ಬಕೆಟ್ಟಿನಲ್ಲಿ ನಿಂಬೆಹಣ್ಣಿನ ಪಾನಕವನ್ನೋ ಹುಳಿ ಮಜ್ಜಿಗೆಯನ್ನೋ ಇಟ್ಟು ಹಂಚಿದರೆ ಕುಡಿದವರಿಗೆ ವಾಂತಿಯಾದೀತು.