ವಿ-ಲ್ಯಾನ್ ವಿಂಗಡಣೆಯ ನಂತರ ಸ್ವಿಚ್ ಕೈಗೆ ಸಿಗದಿದ್ದರೆ

ಬಳ್ಳಾರಿ ರಸ್ತೆಯ ಕೋಗಿಲು ಕ್ರಾಸ್‌ನಿಂದ ಒಳಕ್ಕೆ ಹೊರಳಿದರೆ, ಒಂದು ಕಾಲಕ್ಕೆ ಯಲಹಂಕದ ನೆರೆಯ ಹಳ್ಳಿಯಾಗಿದ್ದ ಊರು ಇಂದು ಬೆಂಗಳೂರಿನ ಬಡಾವಣೆಗಳ ನಡುವೆ ಬೆರೆತುಹೋಗಿರುವುದು ಕಾಣುತ್ತದೆ. 2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ಮೇಲೆ ಈ ದಿಕ್ಕಿನ ವ್ಯಾಪಾರ ವಹಿವಾಟು ಬಿರುಸುಗೊಂಡಿತು. ಇಂತಹ ಭಾಗದಲ್ಲಿ ಹದಿನೈದು ಮಂದಿ ದುಡಿಯುವ, ಯಂತ್ರಗಳ ಬಿಡಿಭಾಗ ತಯಾರಿಸುವ ಸಣ್ಣ ಘಟಕವೊಂದನ್ನು ಉದಾಹರಣೆಗೆಂದು ಇಟ್ಟುಕೊಳ್ಳಬಹುದು.

ಶನಿವಾರದ ಮಧ್ಯಾಹ್ನ. ಸರಕು ತುಂಬಿದ ಲಾರಿ ಗೇಟಿನ ಬಳಿ ನಿಂತಿದೆ. ಒಳಗೆ, ಹೊಸದಾಗಿ ಕೊಂಡ 24 ಪೋರ್ಟುಗಳ ಮ್ಯಾನೇಜ್ಡ್ ಸ್ವಿಚ್‌ನಲ್ಲಿ ತಂತ್ರಜ್ಞನು ಜಾಲವನ್ನು ವಿಂಗಡಿಸುತ್ತಿದ್ದಾನೆ: ಕಚೇರಿಗೆ ಒಂದು ಭಾಗ, ಸಿಎನ್‌ಸಿ ಯಂತ್ರಗಳಿಗೆ ಒಂದು, ಕ್ಯಾಮೆರಾಗಳಿಗೆ ಒಂದು. ಬದಲಾವಣೆಯನ್ನು ಜಾರಿಗೊಳಿಸುವ ಗುಂಡಿ ಒತ್ತಿದೊಡನೆ ಅವನ ಪರದೆ ಸ್ತಬ್ಧವಾಗುತ್ತದೆ. ಸ್ವಿಚ್‌ನ ಹಸಿರು ದೀಪಗಳು ಎಂದಿನಂತೆ ಮಿನುಗುತ್ತಿವೆ. ಆದರೆ ಸ್ವಿಚ್ ಕರೆಗೆ ಓಗೊಡುತ್ತಿಲ್ಲ. ಬಿಲ್ಲು ಬರೆಯುವ ಗಣಕಯಂತ್ರಕ್ಕೂ ಅಂತರಜಾಲವಿಲ್ಲ. ಲಾರಿ ಕದಲುವಂತಿಲ್ಲ. ಏಕೆಂದರೆ 50,000 ರೂಪಾಯಿಗೆ ಮೀರಿದ ಸರಕು ಸಾಗಣೆಗೆ ಇ-ವೇ ಬಿಲ್ ಬೇಕು. ಕರ್ನಾಟಕದಲ್ಲಿ ರಾಜ್ಯದೊಳಗಿನ ಸಾಗಣೆಗೂ ಇದು 2018ರ ಏಪ್ರಿಲ್ 1ರಿಂದಲೇ ಜಾರಿಗೆ ಬಂದಿತು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದ ಘಟಕವಾದರೆ, 2023ರ ಆಗಸ್ಟ್ 1ರಿಂದ ಇತರ ನೋಂದಾಯಿತ ವ್ಯಾಪಾರಿಗಳಿಗೆ ನೀಡುವ ಬಿಲ್ಲಿಗೆ ಇ-ಇನ್‌ವಾಯ್ಸ್ ಕೂಡ ಕಡ್ಡಾಯ.

ಈ ಸನ್ನಿವೇಶದಲ್ಲಿ ಸಾಮಾನ್ಯವಾಗಿ ನಡೆಯುವುದು ಎರಡೇ. ಒಂದು, ಸ್ವಿಚ್ ಕೆಟ್ಟಿದೆ ಎಂದು ತೀರ್ಮಾನಿಸಿ ಎಸ್.ಪಿ. ರಸ್ತೆಗೆ ಫೋನ್ ಮಾಡುವುದು. ಅಲ್ಲಿಂದ ಹೊರಟವರು ಹೆಬ್ಬಾಳದ ದಟ್ಟಣೆ ದಾಟಿ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಎರಡು, ಸ್ವಿಚ್‌ನ ಸಣ್ಣ ರಂಧ್ರಕ್ಕೆ ಪಿನ್ನು ತೂರಿಸಿ ಎಲ್ಲವನ್ನೂ ಅಳಿಸಿಬಿಡುವುದು. ಇವೆರಡರ ಅಗತ್ಯವೂ ಇಲ್ಲದಿರುವ ಸಂದರ್ಭಗಳೇ ಹೆಚ್ಚು.

ಮೊದಲು ಲಾರಿಯ ವಿಚಾರ. ಇ-ವೇ ಬಿಲ್ ಪಡೆಯಲು ಕಾರ್ಖಾನೆಯ ಜಾಲವೇ ಆಗಬೇಕೆಂದಿಲ್ಲ. ಮೊಬೈಲ್ ಫೋನಿನ ಹಾಟ್‌ಸ್ಪಾಟ್‌ಗೆ ಗಣಕಯಂತ್ರವನ್ನು ಜೋಡಿಸಿ ಸರಕನ್ನು ಕಳುಹಿಸಿಕೊಟ್ಟ ಮೇಲೆ ದುರಸ್ತಿಗೆ ಕೂತರೆ ಕೈ ನಡುಗುವುದಿಲ್ಲ. ಇಂತಹ ತೊಂದರೆಗಳಲ್ಲಿ ಅರ್ಧದಷ್ಟು ಹಾನಿ ಆತುರದಿಂದ ಆಗುವಂಥದು.

ವಿಂಗಡಣೆ ಏತಕ್ಕೆ?

ಇಷ್ಟೆಲ್ಲ ತಾಪತ್ರಯವಿದ್ದರೆ ಜಾಲವನ್ನು ಒಡೆಯುವುದೇ ಬೇಡ ಎಂದು ಉದ್ದಿಮೆದಾರರು ಹೇಳುವುದುಂಟು. 2018ರ ಆಗಸ್ಟ್ 3ರಂದು ತೈವಾನಿನ ಟಿಎಸ್‌ಎಂಸಿ ಸಂಸ್ಥೆಯಲ್ಲಿ ನಡೆದುದನ್ನು ಅವರು ಗಮನಿಸಬೇಕು. ಜಗತ್ತಿನ ಅತಿ ದೊಡ್ಡ ಚಿಪ್ ತಯಾರಕ ಸಂಸ್ಥೆಗಳಲ್ಲೊಂದಾದ ಅಲ್ಲಿ, ಹೊಸ ಯಂತ್ರವೊಂದಕ್ಕೆ ತಂತ್ರಾಂಶ ಅಳವಡಿಸುವಾಗ ಆದ ಲೋಪದಿಂದ, ಆ ಯಂತ್ರವನ್ನು ಜಾಲಕ್ಕೆ ಜೋಡಿಸಿದೊಡನೆ ವೈರಸ್ ಹರಡಿತು. ಅದು 2017ರ ಮೇ ತಿಂಗಳಿನಲ್ಲಿ ಲೋಕವನ್ನೇ ಕಾಡಿದ ವನ್ನಾಕ್ರೈ ವೈರಸ್‌ನ ಒಂದು ಪ್ರಭೇದ. ಆ ತ್ರೈಮಾಸಿಕದ ವರಮಾನಕ್ಕೆ ಶೇಕಡ 3ರಷ್ಟು ಪೆಟ್ಟು ಬೀಳಬಹುದೆಂದು ಸಂಸ್ಥೆಯೇ ಆಗ ಅಂದಾಜಿಸಿತು. ಹಳೆಯ ವಿಂಡೋಸ್‌ನಲ್ಲಿ ನಡೆಯುವ ಲೇತ್ ಯಂತ್ರವೂ, ಲೆಕ್ಕಪತ್ರದ ಗಣಕಯಂತ್ರವೂ, ಅತಿಥಿಗಳ ಮೊಬೈಲುಗಳೂ ಒಂದೇ ಅಂಗಳದಲ್ಲಿರುವ ಸಣ್ಣ ಕಾರ್ಖಾನೆಗೆ ಇದೇ ಅಪಾಯ ಇನ್ನೂ ಹತ್ತಿರ.

ವಿ-ಲ್ಯಾನ್ ಎಂದರೆ ಒಂದೇ ಸ್ವಿಚ್ಚನ್ನು, ತಂತಿ ಬದಲಿಸದೆ, ಹಲವು ಸ್ವಿಚ್ಚುಗಳಂತೆ ವರ್ತಿಸುವಂತೆ ಮಾಡುವ ಏರ್ಪಾಡು. 1998ರಲ್ಲಿ ರೂಪುಗೊಂಡ 802.1ಕ್ಯೂ ಎಂಬ ಮಾನಕದ ಪ್ರಕಾರ, ದತ್ತಾಂಶದ ಪ್ರತಿ ಕಂತೆಗೂ 4 ಬೈಟ್‌ಗಳ ಚೀಟಿಯೊಂದನ್ನು ಅಂಟಿಸಬಹುದು. ಅದರಲ್ಲಿ ಕಂತೆ ಯಾವ ವಿಭಾಗಕ್ಕೆ ಸೇರಿದ್ದೆಂಬ ಸಂಖ್ಯೆ ಇರುತ್ತದೆ. 1ರಿಂದ 4094ರವರೆಗಿನ ಸಂಖ್ಯೆಗಳನ್ನು ಬಳಸಬಹುದು. ಗಣಕಯಂತ್ರ, ಕ್ಯಾಮೆರಾಗಳಂತಹ ಸಾಧನಗಳಿಗೆ ಹೋಗುವ ಪೋರ್ಟಿನಲ್ಲಿ ಚೀಟಿ ಇರುವುದಿಲ್ಲ. ಸ್ವಿಚ್‌ನಿಂದ ಸ್ವಿಚ್ಚಿಗೆ ಅಥವಾ ರೌಟರ್‌ಗೆ ಹೋಗುವ ಟ್ರಂಕ್ ಪೋರ್ಟಿನಲ್ಲಿ ಚೀಟಿ ಇರುತ್ತದೆ. ಕಾರ್ಖಾನೆಯಿಂದ ಹೊಸದಾಗಿ ಬಂದ ಸ್ವಿಚ್‌ನಲ್ಲಿ ಎಲ್ಲ ಪೋರ್ಟುಗಳೂ 1ನೇ ವಿ-ಲ್ಯಾನ್‌ನಲ್ಲಿರುವುದು ವಾಡಿಕೆ. ಸ್ವಿಚ್ಚಿನ ಸ್ವಂತ ವಿಳಾಸವೂ, ಅಂದರೆ ಅದನ್ನು ನಿರ್ವಹಿಸಲು ಒಳಹೋಗುವ ಬಾಗಿಲೂ, ಅದೇ 1ನೇ ವಿ-ಲ್ಯಾನ್‌ನಲ್ಲಿರುತ್ತದೆ. ತೊಂದರೆಯ ಮೂಲ ಇರುವುದು ಇಲ್ಲಿಯೇ.

ತಂತಿಯನ್ನು ಬೇರೆ ಪೋರ್ಟಿಗೆ ಚುಚ್ಚಿ ನೋಡುವುದು

ಕೋಗಿಲಿನ ಉದಾಹರಣೆಗೆ ಮರಳಿದರೆ: ರೌಟರ್ 1ನೇ ಪೋರ್ಟಿನಲ್ಲಿದೆ. 2ರಿಂದ 8ರವರೆಗಿನವು ಕಚೇರಿಗೆಂದು 10ನೇ ವಿ-ಲ್ಯಾನ್‌ಗೆ, 9ರಿಂದ 16 ಯಂತ್ರಗಳಿಗೆಂದು 20ಕ್ಕೆ, 17ರಿಂದ 22 ಕ್ಯಾಮೆರಾಗಳಿಗೆಂದು 30ಕ್ಕೆ ಹೋದವು. ತಂತ್ರಜ್ಞನ ಲ್ಯಾಪ್‌ಟಾಪ್ ಇದ್ದುದು 5ನೇ ಪೋರ್ಟಿನಲ್ಲಿ. ಸ್ವಿಚ್‌ನ ವಿಳಾಸ 192.168.1.2 ಇನ್ನೂ 1ನೇ ವಿ-ಲ್ಯಾನ್‌ನಲ್ಲಿಯೇ ಉಳಿದಿದೆ. ಅಂದಮೇಲೆ ಲ್ಯಾಪ್‌ಟಾಪ್ 10ರ ಕೋಣೆಗೆ ಹೋಯಿತು, ಬಾಗಿಲು 1ರ ಕೋಣೆಯಲ್ಲಿ ಉಳಿಯಿತು. ತಾನು ಕುಳಿತ ಕೊಂಬೆಯನ್ನೇ ಕಡಿದುಕೊಂಡಂತೆ. ಸ್ವಿಚ್ ಕೆಟ್ಟಿಲ್ಲ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದೆ. ದೀಪ ಉರಿಯುವುದು ತಂತಿ ಸರಿಯಿದೆ ಎಂಬುದಕ್ಕೆ ಮಾತ್ರ ಸಾಕ್ಷಿ, ದಾರಿ ಇದೆ ಎಂಬುದಕ್ಕಲ್ಲ.

23 ಮತ್ತು 24ನೇ ಪೋರ್ಟುಗಳನ್ನು ಯಾರೂ ಮುಟ್ಟಿಲ್ಲ. ಅವು ಇನ್ನೂ 1ನೇ ವಿ-ಲ್ಯಾನ್‌ನಲ್ಲಿವೆ. ಲ್ಯಾಪ್‌ಟಾಪ್‌ನ ತಂತಿಯನ್ನು 23ಕ್ಕೆ ಚುಚ್ಚಿ, ಅದಕ್ಕೆ 192.168.1.50 ಎಂಬ ವಿಳಾಸವನ್ನೂ 255.255.255.0 ಎಂಬ ಮಾಸ್ಕನ್ನೂ ಕೈಯಾರೆ ಕೊಟ್ಟರೆ, ಸ್ವಿಚ್‌ನ ಪುಟ ಮತ್ತೆ ತೆರೆದುಕೊಳ್ಳುತ್ತದೆ. ವಿಳಾಸವನ್ನು ಕೈಯಾರೆ ಕೊಡುವುದು ಮುಖ್ಯ. ಹೊಸ ವಿಭಾಗದಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ವ್ಯವಸ್ಥೆ ಇಲ್ಲದಿದ್ದರೆ ವಿಂಡೋಸ್ ತಾನೇ 169.254ರಿಂದ ಆರಂಭವಾಗುವ ವಿಳಾಸವೊಂದನ್ನು ಹಾಕಿಕೊಳ್ಳುತ್ತದೆ; ಆ ಸಂಖ್ಯೆ ಕಂಡರೆ ವಿಳಾಸ ಸಿಕ್ಕಿಲ್ಲ ಎಂದೇ ಅರ್ಥ.

ಒಳಹೊಕ್ಕ ಮೇಲೆ 2ರಿಂದ 8ರ ಪೋರ್ಟುಗಳನ್ನು ತಾತ್ಕಾಲಿಕವಾಗಿ 1ಕ್ಕೆ ಮರಳಿಸಿದರೆ ಬಿಲ್ಲಿನ ಕೆಲಸ ಮುಂದುವರಿಯುತ್ತದೆ. ಅಂತರಜಾಲ ನಿಂತುಹೋದ ಕಾರಣವೂ ಆಗ ತಿಳಿಯುತ್ತದೆ: 10ನೇ ವಿ-ಲ್ಯಾನ್‌ನ ಕಂತೆಗಳನ್ನು ರೌಟರ್‌ವರೆಗೆ ಒಯ್ಯಲು 1ನೇ ಪೋರ್ಟನ್ನು ಟ್ರಂಕ್ ಮಾಡಿರಲಿಲ್ಲ. ಅಂತರಜಾಲ ಸೇವೆಯವರು ಕೊಡುವ ಸಾಧಾರಣ ರೌಟರುಗಳಲ್ಲಿ ಒಳಜಾಲದ ಕಡೆ ಇಂತಹ ಚೀಟಿಗಳನ್ನು ಓದುವ ಸೌಲಭ್ಯ ಹಲವು ಬಾರಿ ಇರುವುದಿಲ್ಲ. ಸ್ವಿಚ್ ಕೊಳ್ಳುವ ಮುನ್ನ ಕೇಳಬೇಕಾದ ಈ ಪ್ರಶ್ನೆ, ಕೊಂಡ ಮೇಲೆ ಏಳುವುದೇ ರೂಢಿ.

ತಂತಿ ಬದಲಿಸಿದರೂ ಸ್ವಿಚ್ ಸಿಗದಿದ್ದರೆ ದಿಕ್ಕು ತೋರುವುದು ಎಆರ್‌ಪಿ ಪಟ್ಟಿ. ಸ್ವಿಚ್ಚಿನ ವಿಳಾಸಕ್ಕೆ ಪಿಂಗ್ ಕಳುಹಿಸಿ, ನಂತರ ಲ್ಯಾಪ್‌ಟಾಪ್‌ನಲ್ಲಿ ಆ ಪಟ್ಟಿಯನ್ನು ನೋಡಬೇಕು. ಸ್ವಿಚ್‌ನ ತಳದಲ್ಲಿ ಅಂಟಿಸಿರುವ ಮ್ಯಾಕ್ ಸಂಖ್ಯೆ ಅಥವಾ ಅದಕ್ಕೆ ತೀರ ಸಮೀಪದ ಸಂಖ್ಯೆ ಅಲ್ಲಿ ಕಂಡರೆ ವಿ-ಲ್ಯಾನ್ ದಾರಿ ಸರಿಯಿದೆ. ದೋಷವಿರುವುದು ವೆಬ್ ಅಥವಾ ಎಸ್‌ಎಸ್‌ಎಚ್ ಸೇವೆ ಸ್ಥಗಿತಗೊಂಡಿರುವುದರಲ್ಲಿ ಇಲ್ಲವೆ ನಿರ್ದಿಷ್ಟ ವಿಳಾಸಗಳಿಗೆ ಮಾತ್ರ ಪ್ರವೇಶ ಕೊಟ್ಟಿರುವುದರಲ್ಲಿ. ಸಂಖ್ಯೆ ಕಾಣದಿದ್ದರೆ ಲ್ಯಾಪ್‌ಟಾಪ್ ಇನ್ನೂ ತಪ್ಪು ಕೋಣೆಯಲ್ಲಿದೆ, ಅಥವಾ ವಿಳಾಸದ ಸರಣಿ ತಪ್ಪಿದೆ.

ಕಡಿಮೆ ಬೆಲೆಯ ಸ್ಮಾರ್ಟ್ ಸ್ವಿಚ್‌ಗಳಲ್ಲಿ ಇನ್ನೊಂದು ತೊಡಕಿದೆ. ಪೋರ್ಟಿನಿಂದ ಹೊರಹೋಗುವ ಕಂತೆಗಳ ವಿ-ಲ್ಯಾನ್ ಸದಸ್ಯತ್ವವನ್ನು ಒಂದು ಪುಟದಲ್ಲಿಯೂ, ಒಳಬರುವ ಚೀಟಿಯಿಲ್ಲದ ಕಂತೆಗಳು ಯಾವುದಕ್ಕೆ ಸೇರಬೇಕೆಂಬ ಪಿವಿಐಡಿ ಸಂಖ್ಯೆಯನ್ನು ಮತ್ತೊಂದು ಪುಟದಲ್ಲಿಯೂ ನಮೂದಿಸಬೇಕು. ಮೊದಲನೆಯದನ್ನು ಬದಲಿಸಿ ಎರಡನೆಯದನ್ನು ಮರೆತರೆ, ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು ಆಗುತ್ತದೆ. ತಾಸುಗಟ್ಟಲೆ ತಲೆ ಕೆಡಿಸಿಕೊಂಡವರಿಗೆ ಕೊನೆಗೆ ಸಿಗುವ ಉತ್ತರ ಬಹಳ ಬಾರಿ ಈ ಪಿವಿಐಡಿ.

ಪಕ್ಕದಲ್ಲಿ ಕುಳಿತರೆ ಸ್ವಿಚ್ ಸಿಗುತ್ತದೆ, ಆದರೆ ಕಚೇರಿ ವಿಭಾಗದಿಂದಲೋ ಮನೆಯಿಂದಲೋ ಸಿಗುವುದಿಲ್ಲ ಎಂದಾದರೆ ಸ್ವಿಚ್‌ಗೆ ಡಿಫಾಲ್ಟ್ ಗೇಟ್‌ವೇ ಕೊಟ್ಟಿಲ್ಲವೆಂದು ಮೊದಲು ಶಂಕಿಸಬೇಕು. ಕರೆ ಅದಕ್ಕೆ ತಲುಪುತ್ತಿರುತ್ತದೆ. ಮರುಉತ್ತರವನ್ನು ಯಾವ ದಾರಿಯಲ್ಲಿ ಕಳುಹಿಸಬೇಕೆಂಬುದು ಅದಕ್ಕೆ ತಿಳಿದಿರುವುದಿಲ್ಲ. ಸಿಸ್ಕೊ ಮಾದರಿಯ ಸ್ವಿಚ್‌ಗಳಲ್ಲಿ ನಿರ್ವಹಣೆಯ ವಿ-ಲ್ಯಾನ್ ಅನ್ನು 99 ಎಂದು ಬದಲಿಸಿದರೆ ಸಾಲದು: ಆ ವಿ-ಲ್ಯಾನ್ ಅನ್ನು ಸೃಷ್ಟಿಸಿರಬೇಕು, ಅದರಲ್ಲಿ ಕನಿಷ್ಠ ಒಂದು ಪೋರ್ಟಾದರೂ ಜೀವಂತವಾಗಿರಬೇಕು. ಇಲ್ಲವಾದರೆ ಸ್ವಿಚ್‌ನ ವಿಳಾಸವೇ ನಿದ್ರಿಸುತ್ತದೆ.

ಕನ್ಸೋಲ್ ಎಂಬ ಹಿತ್ತಲ ಬಾಗಿಲು

ಭದ್ರತೆಯ ದೃಷ್ಟಿಯಿಂದ ಬಳಸದ ಪೋರ್ಟುಗಳನ್ನೆಲ್ಲ ಮುಚ್ಚಿರುವ ತಂತ್ರಜ್ಞರೂ ಇದ್ದಾರೆ. ಅದು ಸರಿಯಾದ ಪದ್ಧತಿಯೇ. ಆದರೆ ಆಗ 23ನೇ ಪೋರ್ಟಿನ ಉಪಾಯ ನಡೆಯದು. ಉಳಿಯುವುದು ಕನ್ಸೋಲ್ ಪೋರ್ಟ್. ಇದಕ್ಕೆ ಜಾಲದ ಗೊಡವೆಯಿಲ್ಲ. ವಿ-ಲ್ಯಾನ್ ಏನೇ ಆಗಿದ್ದರೂ ಸ್ವಿಚ್‌ನ ಒಳಕ್ಕೆ ನೇರವಾಗಿ ತಲುಪಿಸುತ್ತದೆ. ಅನೇಕ ಮಾದರಿಗಳಲ್ಲಿ ವೇಗ 9600, ಕೆಲವು ತಯಾರಕರಲ್ಲಿ 115200. 8 ದತ್ತಾಂಶ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ವೇಗ ತಪ್ಪಿದರೆ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಸುರಿಯುತ್ತವೆ. ಪೆಟ್ಟಿಗೆಯೊಡನೆ ಬರುವ ಕನ್ಸೋಲ್ ತಂತಿ ಬೇಕಾದ ದಿನ ಸಿಗುವುದು ಅಪರೂಪ. ಅದನ್ನು ರ‍್ಯಾಕ್‌ನೊಳಗೇ ಕಟ್ಟಿಡುವುದು ಲೇಸು. ಅಗ್ಗದ ಸ್ಮಾರ್ಟ್ ಸ್ವಿಚ್‌ಗಳಲ್ಲಿ ಕನ್ಸೋಲ್ ಇರುವುದೇ ವಿರಳ ಎಂಬುದನ್ನು ಕೊಳ್ಳುವಾಗಲೇ ಗಮನಿಸಬೇಕು.

ಇಂತಹ ಬಾಗಿಲಿನ ಬೆಲೆ ಏನೆಂಬುದು 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸಂಸ್ಥೆಗೆ ಅರಿವಾಯಿತು. ವಾಡಿಕೆಯ ನಿರ್ವಹಣೆಯ ನಡುವೆ ಕೊಟ್ಟ ಒಂದು ಆದೇಶ ಅದರ ದತ್ತಾಂಶ ಕೇಂದ್ರಗಳ ನಡುವಣ ಬೆನ್ನೆಲುಬಿನ ಜಾಲವನ್ನೇ ಕಡಿದುಹಾಕಿತು. ದೂರದಿಂದ ಸರಿಪಡಿಸಲು ಬೇಕಾದ ದಾರಿ ಆ ಜಾಲದ ಮೂಲಕವೇ ಇತ್ತು. ಎಂಜಿನಿಯರುಗಳು ಖುದ್ದಾಗಿ ಕೇಂದ್ರಗಳಿಗೆ ಹೋಗಬೇಕಾಯಿತು. ಅಲ್ಲಿನ ಬಿಗಿ ಕಾವಲು ದಾಟಿ ಯಂತ್ರಗಳನ್ನು ಮುಟ್ಟುವುದಕ್ಕೂ ಸಮಯ ಹಿಡಿಯಿತು. ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ತಾಸು ಮೌನವಾಗಿದ್ದವು. ಪ್ರಮಾಣ ಬೇರೆಯಾದರೂ ತಪ್ಪಿನ ಜಾತಿ ಕೋಗಿಲಿನ ಘಟಕದ್ದೇ.

ವಿದ್ಯುತ್ ತೆಗೆದು ಹಾಕುವುದು, ಪಿನ್ನು ತೂರಿಸುವುದು

ವಿದ್ಯುತ್ ತೆಗೆದು ಮತ್ತೆ ಕೊಟ್ಟರೆ ಸರಿಹೋಗುತ್ತದೆಂಬ ಮಾತು ಅರ್ಧ ಸತ್ಯ. ಚಾಲ್ತಿಯ ವಿನ್ಯಾಸವನ್ನೂ ಉಳಿಸಿಟ್ಟ ವಿನ್ಯಾಸವನ್ನೂ ಪ್ರತ್ಯೇಕವಾಗಿ ಇರಿಸಿಕೊಳ್ಳುವ ಸ್ವಿಚ್‌ಗಳಲ್ಲಿ, ಬದಲಾವಣೆಯನ್ನು ಉಳಿಸದಿದ್ದರೆ ಹಳೆಯ ಸ್ಥಿತಿ ಮರಳುತ್ತದೆ. ಗುಂಡಿ ಒತ್ತಿದಾಕ್ಷಣ ಉಳಿಸಿಬಿಡುವ ಮಾದರಿಗಳಲ್ಲಿ ಏನೂ ಪ್ರಯೋಜನವಿಲ್ಲ.

ಪಿನ್ನಿನ ಉಪಾಯ ಕಟ್ಟಕಡೆಯದಾಗಿರಬೇಕು. ಅದರಿಂದ ಎಲ್ಲ ಪೋರ್ಟುಗಳೂ ಒಂದೇ ಅಂಗಳಕ್ಕೆ ಮರಳುತ್ತವೆ: ಕ್ಯಾಮೆರಾಗಳ ಡಿಎಚ್‌ಸಿಪಿಯೂ ಕಚೇರಿಯದ್ದೂ ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ. ಗೋದಾಮಿನ ಸ್ವಿಚ್ಚಿಗೆ ಎರಡು ತಂತಿಗಳನ್ನು ಜೋಡಿಯಾಗಿ ಕಟ್ಟಿದ್ದರೆ ಆ ಜೋಡಣೆ ಕಳಚಿ ಸುತ್ತು ಉಂಟಾಗಬಹುದು. ಸುತ್ತನ್ನು ತಡೆಯುವ ಸ್ಪ್ಯಾನಿಂಗ್ ಟ್ರೀ ಚಾಲನೆಯಲ್ಲಿಲ್ಲದಿದ್ದರೆ ಇಡೀ ಜಾಲವೇ ಉಸಿರುಗಟ್ಟುತ್ತದೆ. ಆದ್ದರಿಂದ ಪಿನ್ನು ಒತ್ತುವ ಮೊದಲು ಲ್ಯಾಪ್‌ಟಾಪ್‌ನ ತಂತಿಯೊಂದನ್ನು ಬಿಟ್ಟು ಉಳಿದುದನ್ನೆಲ್ಲ, ಗುರುತು ಹಾಕಿ, ಕಳಚಬೇಕು.

ಮುಂಚಿತವಾಗಿ ಮಾಡುವುದಾದರೆ ಕೆಲಸ ಸಣ್ಣದು. ಒಂದು ಪೋರ್ಟನ್ನು, 24ನೆಯದೇ ಇರಲಿ, ನಿರ್ವಹಣೆಗೆಂದೇ ಮೀಸಲಿಟ್ಟು, ಮೊದಲು ಅದರ ಮೂಲಕ ಒಳಹೊಕ್ಕು ನೋಡಿ, ಆಮೇಲೆ ಉಳಿದವನ್ನು ವಿಂಗಡಿಸಬೇಕು. ರ‍್ಯಾಕ್‌ಗೆ ಬೀಗವಿರಬೇಕೆಂಬುದು ಬೇರೆ ಮಾತು. ಸಿಸ್ಕೊ ಸ್ವಿಚ್‌ಗಳಲ್ಲಿ ‘ರಿಲೋಡ್ ಇನ್ 10’ ಎಂಬ ಆದೇಶವನ್ನು ಮುಂಚೆಯೇ ಕೊಟ್ಟರೆ, ಹತ್ತು ನಿಮಿಷದೊಳಗೆ ಅದನ್ನು ರದ್ದುಪಡಿಸದಿದ್ದಲ್ಲಿ ಸ್ವಿಚ್ ತಾನಾಗಿಯೇ ಮರುಚಾಲನೆಗೊಂಡು ಹಳೆಯ ವಿನ್ಯಾಸಕ್ಕೆ ಮರಳುತ್ತದೆ; ಜುನಿಪರ್‌ನಲ್ಲಿ ‘ಕಮಿಟ್ ಕನ್ಫರ್ಮ್ಡ್’, ಮೈಕ್ರೋಟಿಕ್‌ನಲ್ಲಿ ‘ಸೇಫ್ ಮೋಡ್’ ಇದೇ ಬಗೆಯವು. ಒಂದರ ಹಿಂದೊಂದು ಎರಡು ಸ್ವಿಚ್‌ಗಳಿದ್ದರೆ ದೂರದ್ದನ್ನು ಮೊದಲು ಬದಲಿಸಿ, ಹತ್ತಿರದ್ದನ್ನು ಆಮೇಲೆ ಬದಲಿಸಬೇಕು. ಹತ್ತಿರದ್ದನ್ನು ಮೊದಲು ಮುಟ್ಟಿದರೆ ದೂರದ್ದನ್ನು ತಲುಪಲು ಗೋದಾಮಿಗೆ ಏಣಿ ಹೊತ್ತುಕೊಂಡು ನಡೆಯಬೇಕಾಗುತ್ತದೆ.

ತಂತ್ರಜ್ಞನು ಕೆಲಸ ಮುಗಿಸಿ ಹೊರಡುವಾಗ ಮಾಲೀಕರು ಕೇಳಿ ಪಡೆಯಬೇಕಾದ್ದು ಇಷ್ಟು: ಸ್ವಿಚ್‌ನ ವಿಳಾಸ, ನಿರ್ವಹಣೆಯ ವಿ-ಲ್ಯಾನ್ ಸಂಖ್ಯೆ, ಮೀಸಲು ಪೋರ್ಟಿನ ಸಂಖ್ಯೆ, ಯಾವ ಪೋರ್ಟು ಯಾವುದಕ್ಕೆ ಎಂಬ ಪಟ್ಟಿ, ಮತ್ತು ವಿನ್ಯಾಸದ ಕಡತದ ಪ್ರತಿ. ಪಟ್ಟಿಯನ್ನು ರ‍್ಯಾಕ್‌ನ ಬಾಗಿಲಿನ ಒಳಮೈಗೆ ಅಂಟಿಸಬಹುದು. ಪಾಸ್‌ವರ್ಡ್ ಮಾತ್ರ ಅಲ್ಲಿ ಬೇಡ. ಅದು ಮೊಹರು ಮಾಡಿದ ಲಕೋಟೆಯಲ್ಲಿ, ಲೆಕ್ಕಪತ್ರಗಳ ಜೊತೆ, ಬೀರುವಿನಲ್ಲಿರಲಿ.