ನೇತ್ರು ಎಲ್ಲಿಗೆ ಹೋದಳು?

ಮೊನ್ನೆ ಬುಲೆಟಿನ್ ಮುಗಿಸಿ ಹೊರಗೆ ಬಂದಿದ್ದೆ. ಉಡುಪಿಯಿಂದ ವೀಕ್ಷಕರೊಬ್ಬರ ಫೋನು. "ಗುಲಾಬಿ ಟಾಕೀಸ್ ನೋಡಿದೆ ಸರ್. ಆ ನೇತ್ರು ಎಲ್ಲಿಗೆ ಹೋದದ್ದು ಅಂತ ಕಡೆಗೂ ಹೇಳಲೇ ಇಲ್ಲವಲ್ಲ! ಇದೆಂತ ಸಿನಿಮಾ ಮಾರಾಯ್ರೆ?"

ಪ್ರಶ್ನೆ ನ್ಯಾಯವಾದದ್ದೇ. ಗಿರೀಶ್ ಕಾಸರವಳ್ಳಿ ಅವರ ಈ ಚಿತ್ರಕ್ಕೆ ಮೂಲ ಕುಂದಾಪುರದ ವೈದೇಹಿ ಬರೆದ ಕಥೆ. ಕಥೆಯಲ್ಲಿ ಊರಿಗೆ ಬರೋದು ಸಿನಿಮಾ ಟಾಕೀಸು. ಕಾಸರವಳ್ಳಿ ಅದನ್ನು ಟಿವಿ ಮಾಡಿದರು, ಕಾಲವನ್ನು 1999ರ ಕಾರ್ಗಿಲ್ ದಿನಗಳಿಗೆ ತಂದರು. ಗುಲಾಬಿ ಕರಾವಳಿಯ ಮೀನುಗಾರರ ನಡುವೆ ಒಂಟಿಯಾಗಿರೋ ಮುಸ್ಲಿಂ ಸೂಲಗಿತ್ತಿ. ಗಂಡ ಮೂಸಾ ಬಿಟ್ಟುಹೋಗಿ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆ. ಒಂದು ಕಷ್ಟದ ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಸಿಕ್ಕಿದ್ದು ಟಿವಿ, ಜತೆಗೊಂದು ಡಿಶ್ಶು. ಹೆಂಗಸರೆಲ್ಲ ಅವಳ ಮನೆಗೆ ಬರತೊಡಗುತ್ತಾರೆ. ಕೆಲವರು ಮಾತ್ರ ಒಳಗೆ ಕಾಲಿಡೋದಿಲ್ಲ, ಹೊರಗೇ ನಿಂತು ನೋಡ್ತಾರೆ.

ಅತ್ತೆಯ ಕಾಟದಿಂದ ತಪ್ಪಿಸಿಕೊಂಡು ಬರುವ ನೇತ್ರು, ಗುಲಾಬಿಗೆ ಗೆಳತಿಯಾಗ್ತಾಳೆ. ಒಂದು ದಿನ ಅವಳು ಕಾಣೆ. ಸತ್ತಳೋ, ಓಡಿಹೋದಳೋ? ಸಿನಿಮಾ ಹೇಳೋದಿಲ್ಲ. ಊರು ಹೇಳುತ್ತೆ! ಟ್ರಾಲರ್ ಬೋಟುಗಳಿಂದ ಸಣ್ಣ ದೋಣಿಯವರ ಹೊಟ್ಟೆಗೆ ಪೆಟ್ಟು ಬಿದ್ದಿದೆ, ಅದರ ಸಿಟ್ಟು ಧರ್ಮದ ಕಡೆಗೆ ತಿರುಗಿದೆ. ಅನುಮಾನ ನೇರ ಗುಲಾಬಿ ಮೇಲೆ.

ಇಷ್ಟನ್ನೂ ಹೊತ್ತು ನಿಂತವರು ಉಮಾಶ್ರೀ. ಹಾಸ್ಯ ಪಾತ್ರಗಳಲ್ಲಿ ನಾವು ಕಂಡ ಅದೇ ಉಮಾಶ್ರೀ! ಸಿನಿಮಾ ನೋಡುವಾಗ ಮಗುವಿನಂತೆ ಅರಳುವ ಮುಖ, ನೇತ್ರು ಎಲ್ಲಿ ಅಂತ ಜನ ಕೇಳಿದಾಗ ಬರೀ ಕಂಗಾಲು. ಈ ಪಾತ್ರಕ್ಕೆ ಅವರಿಗೆ 2007ನೇ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ನೇತ್ರು ಆಗಿರೋದು ಗಾಯಕಿ ಎಂ.ಡಿ. ಪಲ್ಲವಿ. ಅವರ ನಗುವಿನಲ್ಲೇ ಏನೋ ಮುಚ್ಚಿಟ್ಟಂತಿದೆ, ಹಾಗಾಗಿ ಅವಳು ಮಾಯವಾದಾಗ ನಾವೂ ಊಹೆಗೆ ಇಳೀತೀವಿ. ಊರಿನವರ ಸಾಲಿಗೆ ಸೇರ್ತೀವಿ. ಉತ್ತರ ಸಿಕ್ಕಿದ್ದರೆ ಪ್ರೇಕ್ಷಕ ಆರಾಮಾಗಿ ಗುಲಾಬಿ ಪಕ್ಷ ಹಿಡಿದುಬಿಡ್ತಿದ್ದ.

ಇದೇ ಸುದ್ದಿ ನಮ್ಮ ಸ್ಟುಡಿಯೋಗೆ ಬಂದಿದ್ರೆ? ಸಂಜೆಗೆ ನಾಲ್ಕು ಜನರನ್ನ ಕೂರಿಸಿ, 'ಎಲ್ಲಿ ಹೋದಳು ನೇತ್ರು?' ಅಂತ ದಪ್ಪಕ್ಷರ ಓಡಿಸ್ತಿದ್ವಿ. ನಾನೇ ಓದ್ತಿದ್ದೆ, ಗಂಟಲು ಎತ್ತರಿಸಿ. ಫೋನಿನಲ್ಲಿದ್ದವರಿಗೆ ಇದನ್ನೇ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಾದರು. ಆಮೇಲೆ, "ಆ ಮುದುಕಿಯರನ್ನು ನೋಡಿದ್ರಾ?" ಅಂದರು.

ನೋಡಿದ್ದೆ. ಗುಲಾಬಿಯನ್ನು ಬಲವಂತವಾಗಿ ದೋಣಿ ಹತ್ತಿಸಿ ಕಳಿಸ್ತಾರೆ. ಟಿವಿಯನ್ನು ಮಾತ್ರ ಅಲ್ಲೇ ಉಳಿಸಿಕೊಳ್ತಾರೆ. ಅದುವರೆಗೆ ಹೊಸಿಲು ತುಳಿಯದ ಇಬ್ಬರು ಮುದುಕಿಯರು ಟಿವಿ ನೋಡೋಕೆ ಒಳಗೆ ಹೋಗ್ತಾರೆ.