ಯಾರ ಜೀವಮಾನ, ಯಾರ ವಾರಂಟಿ?

ನಮ್ಮ ಶಾಲೆಯ ಪ್ರಯೋಗಶಾಲೆಯ ಬೀರುವಿನಲ್ಲಿ, ಬಾಯಿ ಒಡೆದ ಬೀಕರುಗಳ ಪಕ್ಕದಲ್ಲಿ, ಅಂಗೈಯಷ್ಟು ಉದ್ದದ ಒಂದು ಹಸಿರು ಪಟ್ಟಿ ಇದೆ. ಕಂಪ್ಯೂಟರಿನ ಮೆಮೊರಿ, ಅಂದರೆ ರ‍್ಯಾಮ್. 2006ರಲ್ಲಿ ಹಳೆಯ ವಿದ್ಯಾರ್ಥಿಗಳು ಕೂಡಿಸಿ ಕೊಟ್ಟ ಹಣದಲ್ಲಿ ಶಾಲೆಗೆ ನಾಲ್ಕು ಕಂಪ್ಯೂಟರ್ ಕೊಂಡೆವು. ಅಂಗಡಿಯವರು ಎರಡು ಬಗೆಯ ಮೆಮೊರಿ ತೋರಿಸಿದರು. ಒಂದಕ್ಕೆ ಮೂರು ವರ್ಷದ ವಾರಂಟಿ. ಇನ್ನೊಂದರ ಬೆಲೆ ಕೊಂಚ ಹೆಚ್ಚು, ಆದರೆ ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ‘ಲೈಫ್‌ಟೈಮ್ ವಾರಂಟಿ’ ಎಂದಿತ್ತು. ಊರವರ ದುಡ್ಡು ಪೋಲಾಗಬಾರದೆಂದು ನಾನೇ ಹಟ ಹಿಡಿದು ಎರಡನೆಯದನ್ನು ಹಾಕಿಸಿದೆ.

ಆರು ವರ್ಷಗಳ ಮೇಲೆ ಒಂದು ಪಟ್ಟಿ ಕೆಟ್ಟಿತು. ಜೋಪಾನವಾಗಿ ಇಟ್ಟಿದ್ದ ಬಿಲ್ಲು ಹಿಡಿದು ಅಂಗಡಿಗೆ ಹೋದೆ. ಅವರು ಬಿಲ್ಲನ್ನೂ ನೋಡಲಿಲ್ಲ. “ಮೇಷ್ಟ್ರೇ, ಆ ಕಂಪನಿಯೇ ಈಗ ಇಲ್ಲವಲ್ಲ” ಎಂದರು.

ಮರುದಿನ ತರಗತಿಯಲ್ಲಿ ಈ ಕಥೆ ಹೇಳಿದಾಗ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸಾರ್, ಲೈಫ್‌ಟೈಮ್ ಅಂದರೆ ಯಾರ ಲೈಫು? ನಮ್ಮದೋ, ರ‍್ಯಾಮಿನದೋ, ಕಂಪನಿಯದೋ?” ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಈಚೆಗೆ ಪೋಷಕರೊಬ್ಬರು ಬಂದು, “ಮಗ ಪಿಯುಸಿಗೆ ಸೇರಿದ್ದಾನೆ, ಕಂಪ್ಯೂಟರ್ ಕೊಡಿಸಬೇಕು. ಎರಡು ಸಾವಿರ ಜಾಸ್ತಿ ಕೊಟ್ಟರೆ ಜೀವಮಾನದ ವಾರಂಟಿ ಇರುವ ಮಾಲು ಸಿಗುತ್ತದಂತೆ. ಕೊಡಲೇ ಮೇಷ್ಟ್ರೇ?” ಎಂದು ಕೇಳಿದಾಗ ಆ ಪ್ರಶ್ನೆ ಮತ್ತೆ ಎದುರಿಗೆ ಬಂತು.

ಒಂದು ಕಂಪನಿಯ ಕಥೆ

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಬಿಎಫ್‌ಜಿ ಟೆಕ್ನಾಲಜೀಸ್ ಎಂಬ ಕಂಪನಿ ಇತ್ತು. 2002ರಲ್ಲಿ ಹುಟ್ಟಿದ್ದು. ಎನ್ವಿಡಿಯಾ ಕಂಪನಿಯ ಚಿಪ್ಪುಗಳನ್ನು ಬಳಸಿ ಗ್ರಾಫಿಕ್ಸ್ ಕಾರ್ಡ್ ತಯಾರಿಸುತ್ತಿತ್ತು. ಪರದೆಯ ಮೇಲೆ ಚಿತ್ರ ಮೂಡಿಸುವ ಈ ಕಾರ್ಡುಗಳೆಂದರೆ ಕಂಪ್ಯೂಟರ್ ಆಟ ಆಡುವವರಿಗೆ ಪ್ರಾಣ. ಅದೇ ಚಿಪ್ಪು ಹತ್ತಾರು ಕಂಪನಿಗಳ ಕಾರ್ಡಿನಲ್ಲೂ ಇರುವಾಗ ಗಿರಾಕಿ ನಮ್ಮದನ್ನೇ ಏಕೆ ಕೊಳ್ಳಬೇಕು? ಬಿಎಫ್‌ಜಿಯ ಉತ್ತರಗಳಲ್ಲಿ ಒಂದು, ತನ್ನ ದೇಶದ ಗಿರಾಕಿಗಳಿಗೆ ಕೊಟ್ಟ ಜೀವಮಾನದ ವಾರಂಟಿ.

2010ರ ಮೇ ತಿಂಗಳಲ್ಲಿ ಕಂಪನಿಯು ಗ್ರಾಫಿಕ್ಸ್ ಕಾರ್ಡಿನ ವ್ಯಾಪಾರದಲ್ಲಿ ಲಾಭವಿಲ್ಲ, ಅದನ್ನು ನಿಲ್ಲಿಸುತ್ತೇವೆ ಎಂದು ಸಾರಿತು. ಹಳೆಯ ಕಾರ್ಡುಗಳ ವಾರಂಟಿ ಸೇವೆ ಮಾತ್ರ ಮುಂದುವರಿಯುತ್ತದೆ ಎಂದೂ ಹೇಳಿತು. ಜನ ನಂಬಿ ಕೆಟ್ಟ ಕಾರ್ಡುಗಳನ್ನು ಕಳಿಸಿದರು. ಮೂರು ತಿಂಗಳು ಕಳೆಯುವಷ್ಟರಲ್ಲಿ, ಆಗಸ್ಟ್‌ನಲ್ಲಿ, ಅವೇ ಕಾರ್ಡುಗಳು ರಿಪೇರಿಯಾಗದೆ ಅಂಚೆಯಲ್ಲಿ ವಾಪಸು ಬಂದವು. ಜೊತೆಗೊಂದು ಕಾಗದ: ಕಂಪನಿ ಬಾಗಿಲು ಹಾಕುತ್ತಿದೆ, ಆಸ್ತಿ ವಿಲೇವಾರಿಯಾಗುತ್ತಿದೆ, ಬದಲಿ ಕಾರ್ಡು ಕೊಡಲಾಗುವುದಿಲ್ಲ. ಹಿಂದಿನ ವರ್ಷವಷ್ಟೇ ಕಾರ್ಡು ಕೊಂಡವರಿಗೆ ‘ಜೀವಮಾನ’ ಎಂಬುದು ಒಂದೇ ವರ್ಷದ್ದಾಯಿತು.

ಮಾತೂ ಒಂದು ಸಾಲ

ಇದು ಹೇಗೆ ಸಾಧ್ಯ, ಬರೆದುಕೊಟ್ಟ ಮಾತಲ್ಲವೇ ಎಂದು ನೀವು ಕೇಳಬಹುದು. ಇಲ್ಲೇ ವಿಷಯ ಇರುವುದು. ಕಾನೂನಿನ ಕಣ್ಣಿಗೆ ಕಂಪನಿಯೆಂಬುದು ತನ್ನ ಮಾಲೀಕರಿಂದ ಬೇರೆಯಾದ ಒಬ್ಬ ‘ವ್ಯಕ್ತಿ’. 1896ರಲ್ಲಿ ಇಂಗ್ಲೆಂಡಿನ ಸಾಲೊಮನ್ ಮೊಕದ್ದಮೆಯಲ್ಲಿ ಗಟ್ಟಿಯಾದ ಈ ತತ್ವವೇ ಇಂದು ನಮ್ಮಲ್ಲೂ ನಡೆಯುತ್ತಿದೆ. ವಾರಂಟಿ ಕೊಟ್ಟದ್ದು ಆ ವ್ಯಕ್ತಿ. ಅದು ಸತ್ತ ಮೇಲೆ ಷೇರುದಾರರ ಮನೆಬಾಗಿಲಿಗೆ ಹೋಗಿ ಕಾರ್ಡು ಕೊಡಿ ಎನ್ನುವಂತಿಲ್ಲ.

ವಾರಂಟಿಗೆಂದು ಕಂಪನಿ ತೆಗೆದಿಟ್ಟ ಹಣ ಇರುವುದಿಲ್ಲವೇ? ಲೆಕ್ಕದ ಪುಸ್ತಕದಲ್ಲಿ ಇರುತ್ತದೆ. ಇಷ್ಟು ಮಾಲು ಕೆಡಬಹುದು, ಇಷ್ಟು ಖರ್ಚು ಬರಬಹುದು ಎಂದು ಅಂದಾಜಿಸಿ ಬಾಕಿಯ ಪಟ್ಟಿಯಲ್ಲಿ ಬರೆಯುತ್ತಾರೆ. ಆದರೆ ಅದು ಬರಹ ಮಾತ್ರ. ಆ ಮೊತ್ತವನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರುವುದಿಲ್ಲ. ದಿವಾಳಿಯ ದಿನ ಬಂದಾಗ ಸಾಲಗಾರರ ಸಾಲು ನಿಲ್ಲುತ್ತದೆ. ನಮ್ಮ ದೇಶದ 2016ರ ದಿವಾಳಿ ಸಂಹಿತೆಯಲ್ಲಿ ವಿಲೇವಾರಿಯ ಖರ್ಚು, ಕಾರ್ಮಿಕರ ಬಾಕಿ ಸಂಬಳ, ಅಡವಿಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕು, ಇವು ಮುಂದೆ. ವಾರಂಟಿ ಚೀಟಿ ಹಿಡಿದ ಗಿರಾಕಿ ಹಿಂದೆ, ಬಹಳ ಹಿಂದೆ. ಮದುವೆಯೂಟದ ಕೊನೆಯ ಪಂಕ್ತಿಯಲ್ಲಿ ಕೂತವನ ಪಾಡು ಅದು. ಅಲ್ಲಿಗೆ ಬರುವಷ್ಟರಲ್ಲಿ ಪಾತ್ರೆಯ ತಳ ಕಾಣುತ್ತಿರುತ್ತದೆ.

ಕಾರ್ಡು ಕೆಡುವುದೇಕೆ?

ವಿದ್ಯಾರ್ಥಿ ಮಿತ್ರರೇ, ಇಷ್ಟು ದೊಡ್ಡ ಭರವಸೆಯನ್ನು ಕಂಪನಿಗಳು ಯಾವ ಧೈರ್ಯದಿಂದ ಕೊಡುತ್ತವೆ? ಇದಕ್ಕೆ ನಿಮ್ಮ ಭೌತವಿಜ್ಞಾನದಲ್ಲೇ ಉತ್ತರವಿದೆ.

ಬಹಳಷ್ಟು ಉಪಕರಣಗಳು ಕೆಡುವ ಪ್ರಮಾಣವನ್ನು ಕಾಲದ ಎದುರು ನಕ್ಷೆ ಬರೆದರೆ ಸ್ನಾನದ ತೊಟ್ಟಿಯ ಆಕಾರ ಬರುತ್ತದೆ. ತಯಾರಿಕೆಯ ದೋಷವಿದ್ದವು ಮೊದಲ ತಿಂಗಳುಗಳಲ್ಲೇ ಕೆಡುತ್ತವೆ. ಅದು ತೊಟ್ಟಿಯ ಒಂದು ಗೋಡೆ. ಆಮೇಲೆ ವರ್ಷಗಟ್ಟಲೆ ಸಮತಲ, ಕೆಡುವುದು ಅಪರೂಪ. ಕೊನೆಗೆ ಸವಕಳಿಯಿಂದ ಮತ್ತೆ ಏರಿಕೆ, ಅದು ಎರಡನೆಯ ಗೋಡೆ. ಆ ಎರಡನೆಯ ಗೋಡೆ ಬರುವ ಮುನ್ನವೇ ಹೆಚ್ಚಿನ ಜನ ಹಳೆಯದು ನಿಧಾನವಾಯಿತೆಂದು ಹೊಸ ಯಂತ್ರ ಕೊಂಡಿರುತ್ತಾರೆ. ಹೀಗಾಗಿ ಜೀವಮಾನದ ವಾರಂಟಿ ಕಾಗದದಲ್ಲಿ ಕಾಣುವಷ್ಟು ದುಬಾರಿಯದಲ್ಲ.

ಎಲ್ಲ ಭಾಗಗಳೂ ಒಂದೇ ಬಗೆಯಲ್ಲಿ ಸವೆಯುವುದಿಲ್ಲ. ಮೆಮೊರಿ ಪಟ್ಟಿಯಲ್ಲಿ ಚಲಿಸುವ ಭಾಗವಿಲ್ಲ, ಬಿಸಿಯೂ ಕಡಿಮೆ. ಗ್ರಾಫಿಕ್ಸ್ ಕಾರ್ಡು ಹಾಗಲ್ಲ, ಅದರಲ್ಲಿ ಫ್ಯಾನು ತಿರುಗುತ್ತದೆ, ಚಿಪ್ಪು ಸುಡುತ್ತದೆ. ರೈಲು ಹಳಿಗಳ ನಡುವೆ ಸಂದು ಬಿಡುವುದೇಕೆಂದು ಓದಿದ್ದೀರಲ್ಲ? ಅದೇ ಪಾಠ ಇಲ್ಲೂ. ಸಿಲಿಕಾನ್ ಒಂದು ಡಿಗ್ರಿ ಬಿಸಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 3 ಪಾಲು ಹಿಗ್ಗಿದರೆ, ಅದು ಕೂತಿರುವ ಹಲಗೆ ಸುಮಾರು 15 ಪಾಲು ಹಿಗ್ಗುತ್ತದೆ. ಎರಡರ ನಡುವಿನ ಬೆಸುಗೆಯ ಕಣಗಳು ಪ್ರತಿ ಸಲ ಕಾದು ಆರಿದಾಗಲೂ ಎಳೆದಾಟಕ್ಕೆ ಸಿಕ್ಕಿ ಕೊನೆಗೆ ಬಿರುಕು ಬಿಡುತ್ತವೆ. 2008ರ ಜುಲೈಯಲ್ಲಿ ಎನ್ವಿಡಿಯಾ ಕಂಪನಿ ಲ್ಯಾಪ್‌ಟಾಪಿನ ಕೆಲವು ಚಿಪ್ಪುಗಳಲ್ಲಿ ಬಳಸಿದ ಸಾಮಗ್ರಿಯ ದೋಷಕ್ಕಾಗಿ 15ರಿಂದ 20 ಕೋಟಿ ಡಾಲರ್ ಖರ್ಚು ತೋರಿಸಬೇಕಾಯಿತು. ಒಂದು ಸಣ್ಣ ಲೆಕ್ಕ ತಪ್ಪಿದರೂ ವಾರಂಟಿ ಎಷ್ಟು ಭಾರವಾಗುತ್ತದೆಂಬುದಕ್ಕೆ ಇದು ಸಾಕ್ಷಿ. ದೊಡ್ಡ ಕಂಪನಿ ಅದನ್ನು ತಾಳಿಕೊಂಡಿತು. ಸಣ್ಣದಕ್ಕೆ ಆ ಶಕ್ತಿ ಇರುವುದಿಲ್ಲ.

ಸಣ್ಣ ಅಕ್ಷರ ಓದಿ

ಇನ್ನು ಆ ಹುಡುಗಿಯ ಪ್ರಶ್ನೆ. ಅಮೆರಿಕದ ವ್ಯಾಪಾರ ಆಯೋಗ ಇದನ್ನು ಕುರಿತು ಮಾರ್ಗಸೂಚಿಯನ್ನೇ ಹೊರಡಿಸಿದೆ. ‘ಜೀವಮಾನ’ ಎಂದು ಜಾಹೀರಾತು ಕೊಡುವವರು ಯಾರ ಅಥವಾ ಯಾವುದರ ಜೀವಮಾನವೆಂದು ತಿಳಿಸಬೇಕು. ಅಲ್ಲಿರುವ ಉದಾಹರಣೆ ಕಾರಿನ ಸೈಲೆನ್ಸರಿನದು. ಅದರ ಜೀವಮಾನವೆಂದರೆ ಅದನ್ನು ಕೂರಿಸಿದ ಕಾರಿನ ಜೀವಮಾನ, ಮಾಲೀಕನದಲ್ಲ. ಕಂಪ್ಯೂಟರ್ ಸಾಮಾನಿನಲ್ಲೂ ಹೀಗೇ. ಕೆಲವರ ಚೀಟಿಯಲ್ಲಿ ಮೊದಲು ಕೊಂಡವನ ಕೈಯಲ್ಲಿ ಇರುವಷ್ಟು ಕಾಲ ಮಾತ್ರ, ಕೆಲವರಲ್ಲಿ ಆ ಮಾದರಿ ಮಾರುಕಟ್ಟೆಯಲ್ಲಿ ಇರುವಷ್ಟು ಕಾಲ ಮಾತ್ರ. ಮತ್ತೆ ಕೆಲವರು ಕೊಂಡ 30 ದಿನದೊಳಗೆ ನೋಂದಾಯಿಸಬೇಕೆನ್ನುತ್ತಾರೆ.

ಎಲ್ಲ ವಿದಾಯವೂ ಬಿಎಫ್‌ಜಿಯದರಂತಲ್ಲ ಎಂಬುದನ್ನೂ ಹೇಳಬೇಕು. 2022ರ ಸೆಪ್ಟೆಂಬರ್‌ನಲ್ಲಿ ಇವಿಜಿಎ ಕಂಪನಿ ಗ್ರಾಫಿಕ್ಸ್ ಕಾರ್ಡು ತಯಾರಿಕೆ ಬಿಟ್ಟಾಗ ಹಳೆಯ ವಾರಂಟಿ ನಡೆಸುವುದಾಗಿ ಹೇಳಿತು. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ‘ಕ್ರೂಷಿಯಲ್’ ಹೆಸರಿನ ಮೆಮೊರಿಯನ್ನು ಸಾಮಾನ್ಯ ಗಿರಾಕಿಗಳಿಗೆ ಮಾರುವುದನ್ನು ನಿಲ್ಲಿಸುವುದಾಗಿ ಸಾರಿದಾಗಲೂ ವಾರಂಟಿ ಸೇವೆಯ ಭರವಸೆ ಕೊಟ್ಟಿತು. ಅಂಗಡಿಯ ಒಂದು ಬಾಗಿಲು ಮುಚ್ಚುವುದು ಬೇರೆ, ಅಂಗಡಿಯೇ ಎದ್ದುಹೋಗುವುದು ಬೇರೆ. ಬಾಗಿಲು ಮುಚ್ಚಿದರೂ ಮಾತು ಕೊಟ್ಟವರು ಒಳಗಿದ್ದಾರೆ.

ಪೋಷಕರಿಗೆ ನಾಲ್ಕು ಮಾತು

ವಾರಂಟಿ ಕೊಡುವವರು ಯಾರು ಎಂದು ಮೊದಲು ಓದಿ. ತಯಾರಕರೋ, ಆಮದುದಾರರೋ, ಅಂಗಡಿಯವರೋ? ತಯಾರಕರು ಇಲ್ಲವಾದರೂ ಆಮದುದಾರರು ಬರೆದುಕೊಟ್ಟದ್ದು ಅವರನ್ನು ಕಟ್ಟುತ್ತದೆ.

ಬಿಲ್ಲಿನ ನಕಲು ತೆಗೆದಿಡಿ. ಈಗಿನ ನುಣುಪು ಕಾಗದದ ಬಿಲ್ಲು ವರ್ಷದೊಳಗೆ ಬಿಳಿಚಿಕೊಳ್ಳುತ್ತದೆ, ವಾರಂಟಿ ಇದ್ದೂ ಇಲ್ಲದಂತಾಗುತ್ತದೆ.

ಕೆಟ್ಟ ಕೂಡಲೇ ಕೇಳಿ, ಮುಂದೂಡಬೇಡಿ. ವಾರಂಟಿ ಕೊಟ್ಟವರು ಇದ್ದೂ ಒಪ್ಪದಿದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಆದರೆ ಮುಳುಗಿದ ಕಂಪನಿಯಿಂದ ಯಾವ ಆಯೋಗವೂ ಹೊಸ ಕಾರ್ಡು ತರಿಸಿಕೊಡಲಾರದು.

ಕೊನೆಯದು, ವಾರಂಟಿ ಇರುವುದು ಸಾಮಾನಿಗೆ. ಅದರೊಳಗಿರುವ ಮಕ್ಕಳ ಟಿಪ್ಪಣಿ, ಪ್ರಾಜೆಕ್ಟು, ಮನೆಯ ಫೋಟೋಗಳಿಗಲ್ಲ. ಡಿಸ್ಕು ಬದಲಿಸಿಕೊಡುವ ಕಂಪನಿಯೂ ಅವನ್ನು ಬದಲಿಸಿಕೊಡುವುದಿಲ್ಲ.

ಆ ಪೋಷಕರಿಗೆ ನಾನು ಹೇಳಿದ್ದೂ ಅದನ್ನೇ. ಹೆಸರು ನಿಂತ ಕಂಪನಿಯ ಮೂರು ವರ್ಷದ ವಾರಂಟಿ ಸಾಕು. ಉಳಿದ ಎರಡು ಸಾವಿರಕ್ಕೆ ಇನ್ನಷ್ಟು ಸೇರಿಸಿ ನಕಲು ಇಡಲು ಒಂದು ಹೊರಗಿನ ಡಿಸ್ಕು ಕೊಳ್ಳಿ ಎಂದೆ. ಅವರು ಹಾಗೇ ಮಾಡಿದರು.

ಅಂದಹಾಗೆ, ನಮ್ಮ ಶಾಲೆಯ ಉಳಿದ ಮೂರು ಮೆಮೊರಿ ಪಟ್ಟಿಗಳು 2019ರಲ್ಲಿ ಆ ಯಂತ್ರಗಳನ್ನೇ ತೆಗೆದುಹಾಕುವವರೆಗೂ ಒಂದು ದಿನವೂ ಕೈಕೊಡದೆ ದುಡಿದವು. ತಯಾರಿಸಿದ ಕಂಪನಿ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಕೆಟ್ಟ ಆ ಒಂದು ಪಟ್ಟಿಯನ್ನು ಮಾತ್ರ ಎಸೆದಿಲ್ಲ. ಪ್ರತಿ ಜೂನ್‌ನಲ್ಲಿ ಹೊಸ ತರಗತಿಗೆ ಅದನ್ನು ತೋರಿಸಿ, ಆ ಹುಡುಗಿಯ ಪ್ರಶ್ನೆಯನ್ನೇ ಮಕ್ಕಳ ಮುಂದಿಡುತ್ತೇನೆ.